ಮೆಟ್ಟಿಲು ಹತ್ತಿದ ಕಂಡಕ್ಟರ್, ಕುಳಿತೇ ಇದ್ದ ಡ್ರೈವರ್

ದಿನವೂ ವ್ಯಾಯಾಮ ಮಾಡಬೇಕು, ಹಿತಮಿತವಾಗಿ ಉಣ್ಣಬೇಕು, ಸಾಕಷ್ಟು ನಿದ್ದೆ ಮಾಡಬೇಕು, ಬೀಡಿ ಸಿಗರೇಟು ಮುಟ್ಟಬಾರದು. ಪ್ರಾಥಮಿಕ ಶಾಲೆಯ ಪಾಠದಿಂದ ಹಿಡಿದು ಆಸ್ಪತ್ರೆಯ ಗೋಡೆಬರಹದವರೆಗೆ ಎಲ್ಲೆಲ್ಲೂ ಕಾಣುವ ಮಾತುಗಳಿವು. ಕೇಳಿ ಕೇಳಿ ಕಿವಿಗೆ ಹಳತಾಗಿವೆ. ಆದರೆ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಎದ್ದು ನಿಂತು, "ವ್ಯಾಯಾಮದಿಂದ ಹೃದಯಕ್ಕೆ ಒಳ್ಳೆಯದು ಎಂದು ಹೇಗೆ ಗೊತ್ತಾಯಿತು ಸರ್? ನಮ್ಮಜ್ಜ ಒಂದು ದಿನವೂ ವ್ಯಾಯಾಮ ಮಾಡಿದವರಲ್ಲ, ತೊಂಬತ್ತು ವರ್ಷ ಬದುಕಿದರು" ಎಂದು ಕೇಳಿದರೆ ಏನು ಉತ್ತರ ಕೊಡುವುದು?

ಪ್ರಶ್ನೆ ತುಂಟತನದ್ದಲ್ಲ. ಒಳ್ಳೆಯ ವೈಜ್ಞಾನಿಕ ಪ್ರಶ್ನೆಯೇ. ಒಬ್ಬ ಅಜ್ಜನ ಆಯುಸ್ಸಿನಿಂದ ಏನೂ ಸಿದ್ಧವಾಗುವುದಿಲ್ಲ, ನಿಜ. ಹಾಗೆಯೇ ಬೆಳಿಗ್ಗೆ ಓಡುವ ಒಬ್ಬ ಆರೋಗ್ಯವಂತನಿಂದಲೂ ಏನೂ ಸಿದ್ಧವಾಗುವುದಿಲ್ಲ. ದಿನನಿತ್ಯದ ಅಭ್ಯಾಸಕ್ಕೂ ಮೂವತ್ತು ನಲವತ್ತು ವರ್ಷಗಳ ಅನಂತರ ಬರುವ ಕಾಯಿಲೆಗೂ ನಡುವೆ ಇರುವ ಸಂಬಂಧವನ್ನು ಅಳೆಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಕಥೆ ಇಪ್ಪತ್ತನೆಯ ಶತಮಾನದ ವೈದ್ಯಕೀಯ ಇತಿಹಾಸದ ಒಂದು ಸೊಗಸಾದ ಅಧ್ಯಾಯ. ಅದರ ನಾಯಕರು ಪ್ರಯೋಗಾಲಯದಲ್ಲಿ ಕುಳಿತವರಲ್ಲ. ಬಸ್ಸು, ಅಂಚೆ ಕಚೇರಿ, ಬಂದರುಗಳ ಹಾಜರಿ ಪುಸ್ತಕಗಳನ್ನು ಜಾಲಾಡಿದವರು.

ಹಳೆಯ ತಿಳಿವು

ದೇಹಶ್ರಮ ಆರೋಗ್ಯಕರ ಎಂಬ ತಿಳಿವು ಹೊಸದೇನಲ್ಲ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವ್ಯಾಯಾಮದ ಗುಣಗಳನ್ನು ವಿವರಿಸಲಾಗಿದೆ. ಸ್ಥೂಲಕಾಯ ತಗ್ಗಿಸಲು ವ್ಯಾಯಾಮದಂಥ ಉಪಾಯ ಬೇರೆ ಇಲ್ಲವೆಂದೂ, ಪ್ರತಿಯೊಬ್ಬನೂ ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂದೂ ಅಲ್ಲಿ ಹೇಳಿದೆ. ಪ್ರಮೇಹದ ರೋಗಿ ಬಡವನಾಗಿದ್ದರೆ ಪಾದರಕ್ಷೆ, ಕೊಡೆ ಇಲ್ಲದೆ ನೂರು ಯೋಜನ ನಡೆಯಲಿ ಅಥವಾ ಬಾವಿ ತೋಡಲಿ ಎಂಬ ಸಲಹೆಯೂ ಇದೆ. ಕೃಶನಾದ ರೋಗಿಯನ್ನು ಮಾತ್ರ ಹೀಗೆ ದಣಿಸದೆ ಕಾಪಾಡಬೇಕು ಎಂಬ ಎಚ್ಚರಿಕೆಯನ್ನೂ ಆ ಗ್ರಂಥ ಮರೆತಿಲ್ಲ.

ಯೂರೋಪಿನಲ್ಲಿ ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಾಝಿನಿ 1700ರಲ್ಲಿ ಕಸುಬುಗಳಿಂದ ಬರುವ ರೋಗಗಳ ಬಗ್ಗೆ ಒಂದು ಗ್ರಂಥ ಪ್ರಕಟಿಸಿದರು. ರೋಗಿಯನ್ನು ಕಂಡಾಗ ಅವನ ಕಸುಬು ಯಾವುದೆಂದು ವೈದ್ಯರು ತಪ್ಪದೆ ಕೇಳಬೇಕು ಎಂಬುದು ಅವರ ಮುಖ್ಯ ಉಪದೇಶ. ದರ್ಜಿಗಳು, ಚಪ್ಪಲಿ ಹೊಲಿಯುವವರು ಮುಂತಾಗಿ ಕುಳಿತೇ ದುಡಿಯುವವರ ತೊಂದರೆಗಳನ್ನು ಅವರು ಗಮನಿಸಿದ್ದರು. ರಜೆಯ ದಿನಗಳಲ್ಲಾದರೂ ದೇಹಕ್ಕೆ ವ್ಯಾಯಾಮ ಕೊಡಿ ಎಂದು ಅಂಥವರಿಗೆ ಹೇಳಿದ್ದರು.

ಇವೆಲ್ಲ ಸೂಕ್ಷ್ಮ ಅವಲೋಕನಗಳು. ಆದರೆ ಎಣಿಕೆ ಇಲ್ಲ, ಹೋಲಿಕೆ ಇಲ್ಲ. ಕುಳಿತು ದುಡಿಯುವ ಸಾವಿರ ಜನರಲ್ಲಿ ಎಷ್ಟು ಮಂದಿಗೆ ರೋಗ ಬಂತು, ನಡೆದಾಡಿ ದುಡಿಯುವ ಸಾವಿರ ಜನರಲ್ಲಿ ಎಷ್ಟು ಮಂದಿಗೆ ಬಂತು ಎಂದು ಯಾರೂ ಲೆಕ್ಕ ಹಾಕಿರಲಿಲ್ಲ. ಲೆಕ್ಕ ಹಾಕುವ ಅಗತ್ಯ ಬಂದದ್ದು ಎರಡನೆಯ ಮಹಾಯುದ್ಧದ ಅನಂತರ.

ಹೊಸ ಪಿಡುಗು

ಕ್ಷಯ, ಡಿಫ್ತೀರಿಯಾ, ನ್ಯುಮೋನಿಯಾಗಳು ಹಿಮ್ಮೆಟ್ಟುತ್ತಿದ್ದ ಕಾಲದಲ್ಲಿ ಪಶ್ಚಿಮದ ದೇಶಗಳಲ್ಲಿ ಇನ್ನೊಂದು ರೋಗ ತಲೆಯೆತ್ತಿತು. ನಡುವಯಸ್ಸಿನ ಗಂಡಸರು ಎದೆ ಹಿಡಿದುಕೊಂಡು ಇದ್ದಕ್ಕಿದ್ದಂತೆ ಕುಸಿದು ಸಾಯತೊಡಗಿದರು. ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಕರೊನರಿ ಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಲ್ಲುವುದೇ ಇದಕ್ಕೆ ಕಾರಣ ಎಂಬುದು ತಿಳಿದಿತ್ತು. ಆದರೆ ಹೀಗೇಕೆ ಹೆಚ್ಚಾಗುತ್ತಿದೆ ಎಂಬುದು ತಿಳಿದಿರಲಿಲ್ಲ. ರೋಗಾಣು ಸಿಗಲಿಲ್ಲ, ಸೋಂಕು ಕಾಣಲಿಲ್ಲ. ಉತ್ತರಕ್ಕಾಗಿ ಅಮೆರಿಕದಲ್ಲಿ 1948ರಲ್ಲಿ ಫ್ರೇಮಿಂಗ್‌ಹ್ಯಾಮ್ ಪಟ್ಟಣದ 5,209 ನಿವಾಸಿಗಳ ದೀರ್ಘಕಾಲದ ಅಧ್ಯಯನ ಆರಂಭವಾಯಿತು. ಅದೇ ವರ್ಷ ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಳಿ ಸಾಮಾಜಿಕ ವೈದ್ಯಕೀಯಕ್ಕೆಂದೇ ಒಂದು ಘಟಕ ತೆರೆಯಿತು. ಅದರ ಮುಖ್ಯಸ್ಥರು ಜೆರೆಮಿ ಮಾರಿಸ್.

ಮಾರಿಸ್ ಹುಟ್ಟಿದ್ದು 1910ರಲ್ಲಿ, ಲಿವರ್‌ಪೂಲ್ ನಗರದಲ್ಲಿ. ಬೆಳೆದದ್ದು ಗ್ಲಾಸ್ಗೋದ ಬಡಬೀದಿಗಳಲ್ಲಿ. ಬಾಲ್ಯದಲ್ಲಿ ತಂದೆ ಅವರನ್ನು ನಾಲ್ಕು ಮೈಲಿ ನಡಿಗೆಗೆ ಕರೆದೊಯ್ಯುತ್ತಿದ್ದರು. ಒಂದು ಗಂಟೆಯೊಳಗೆ ನಡೆದು ಮುಗಿಸಿದರೆ ಐಸ್‌ಕ್ರೀಮಿನ ಬಹುಮಾನ! ವೈದ್ಯರಾದ ಮೇಲೆ ಯುದ್ಧಕಾಲದಲ್ಲಿ ಸೇನಾ ವೈದ್ಯಕೀಯ ದಳದಲ್ಲಿ ಭಾರತ ಮತ್ತು ಬರ್ಮಾಗಳಲ್ಲೂ ಸೇವೆ ಸಲ್ಲಿಸಿದರು.

ಮಾರಿಸ್ ಮೊದಲು ಕೈಹಾಕಿದ್ದು ಹಳೆಯ ಕಡತಗಳಿಗೆ. ಲಂಡನ್ ಆಸ್ಪತ್ರೆಯಲ್ಲಿ 1907ರಿಂದ 1949ರವರೆಗೆ ನಡೆದ ಮರಣೋತ್ತರ ಪರೀಕ್ಷೆಗಳ ದಾಖಲೆಗಳನ್ನು ಅವರು ಓದಿದರು. ವಿಚಿತ್ರವೆಂದರೆ, ಧಮನಿಗಳ ಒಳಗೋಡೆಯಲ್ಲಿ ಕೊಬ್ಬಿನ ಶೇಖರಣೆ ಆ ನಾಲ್ಕು ದಶಕಗಳಲ್ಲಿ ಹೆಚ್ಚಾಗಿರಲಿಲ್ಲ. ಹೆಚ್ಚಾದದ್ದು ಧಮನಿ ಮುಚ್ಚಿಹೋಗಿ ಆದ ಸಾವು. ಗೋಡೆ ಅಂದಿನಂತೆಯೇ ಇದ್ದರೂ ಹರಿವು ನಿಲ್ಲುವುದು ಹೆಚ್ಚಿದೆ. ಹಾಗಾದರೆ ಬದುಕುವ ಬಗೆಯಲ್ಲಿ ಏನೋ ಬದಲಾಗಿರಬೇಕು. ಬದಲಾದದ್ದು ಕೆಲಸದ ಸ್ವರೂಪವೇ? ಈ ಅನುಮಾನ ಅವರನ್ನು ಬಸ್ಸಿನತ್ತ ಒಯ್ದಿತು.

ಒಂದೇ ಬಸ್ಸು, ಎರಡು ಬದುಕು

ಲಂಡನ್ನಿನ ಕೆಂಪು ಬಣ್ಣದ ಎರಡಂತಸ್ತಿನ ಬಸ್ಸುಗಳನ್ನು ಚಿತ್ರಗಳಲ್ಲಿ ನೀವು ನೋಡಿರಬಹುದು. ಬೆಂಗಳೂರಿನಲ್ಲೂ ಒಂದು ಕಾಲದಲ್ಲಿ ಇಂಥ ಬಸ್ಸುಗಳು ಓಡುತ್ತಿದ್ದವು. ಇದರ ಡ್ರೈವರ್ ತನ್ನ ಪಾಳಿಯ ಸುಮಾರು ಶೇಕಡಾ 90ರಷ್ಟು ಹೊತ್ತು ಕುಳಿತೇ ಇರುತ್ತಿದ್ದ. ಕಂಡಕ್ಟರ್ ಟಿಕೆಟ್ ಕೊಡಲು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಓಡಾಡುತ್ತಲೇ ಇರುತ್ತಿದ್ದ. ಮಾರಿಸ್ ತಂಡದವರು ಬಸ್ಸಿನಲ್ಲಿ ಕುಳಿತು ಎಣಿಸಿದರು. ಒಬ್ಬ ಕಂಡಕ್ಟರ್ ಒಂದು ದಿನದ ಕೆಲಸದಲ್ಲಿ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದ.

ಈ ಆಯ್ಕೆಯ ಜಾಣತನವನ್ನು ಗಮನಿಸಬೇಕು. ವಿಜ್ಞಾನದ ಪ್ರಯೋಗದಲ್ಲಿ ಒಂದು ಅಂಶವನ್ನು ಬಿಟ್ಟು ಉಳಿದೆಲ್ಲವನ್ನೂ ಸಮವಾಗಿ ಇಡುತ್ತೇವೆ. ಮನುಷ್ಯರನ್ನು ಇಪ್ಪತ್ತು ವರ್ಷ ಕುರ್ಚಿಗೆ ಕಟ್ಟಿಹಾಕಿ ಪ್ರಯೋಗ ಮಾಡುವಂತಿಲ್ಲ. ಆದರೆ ಡ್ರೈವರ್ ಮತ್ತು ಕಂಡಕ್ಟರ್ ಒಂದೇ ಸಂಸ್ಥೆಯ ನೌಕರರು. ಹೆಚ್ಚುಕಡಿಮೆ ಒಂದೇ ವರ್ಗದಿಂದ ಬಂದವರು. ಅದೇ ನಗರದ ಗಾಳಿ, ಅದೇ ಬೀದಿಯ ಗದ್ದಲ. ಮುಖ್ಯವಾದ ವ್ಯತ್ಯಾಸ ಒಬ್ಬ ಕೂರುತ್ತಾನೆ, ಇನ್ನೊಬ್ಬ ಹತ್ತಿಳಿಯುತ್ತಾನೆ ಎಂಬುದು. ಸಮಾಜವೇ ತನಗರಿವಿಲ್ಲದೆ ಒಂದು ಪ್ರಯೋಗ ಏರ್ಪಡಿಸಿಟ್ಟಿತ್ತು. ಜೊತೆಗೆ ರಜೆ, ಕಾಯಿಲೆ, ಸಾವುಗಳ ದಾಖಲೆ ಸಂಸ್ಥೆಯಲ್ಲಿ ಸಿದ್ಧವಾಗಿತ್ತು.

ಲಂಡನ್ ಸಾರಿಗೆಯಲ್ಲಿ ದುಡಿಯುತ್ತಿದ್ದ 35ರಿಂದ 64 ವರ್ಷದ ಸುಮಾರು 31,000 ಗಂಡಸರ 1949 ಮತ್ತು 1950ರ ದಾಖಲೆಗಳನ್ನು ತಂಡ ಪರಿಶೀಲಿಸಿತು. ಕರೊನರಿ ಹೃದ್ರೋಗ ಕಾಣಿಸಿಕೊಂಡ ಪ್ರಮಾಣ ಡ್ರೈವರುಗಳಲ್ಲಿ ವರ್ಷಕ್ಕೆ ಸಾವಿರಕ್ಕೆ 2.7, ಕಂಡಕ್ಟರುಗಳಲ್ಲಿ 1.9. ಅಂದರೆ ಕಂಡಕ್ಟರುಗಳಲ್ಲಿ ರೋಗ ಸುಮಾರು ಶೇಕಡಾ 30ರಷ್ಟು ಕಡಿಮೆ. ಅವರಿಗೆ ಬಂದ ರೋಗವೂ ತಡವಾಗಿ, ಸೌಮ್ಯವಾಗಿ ಬರುತ್ತಿತ್ತು. ರೋಗ ಕಾಣಿಸಿಕೊಂಡ ಮೊದಲ ಮೂರು ತಿಂಗಳೊಳಗಿನ ಮರಣ ದರ ಡ್ರೈವರುಗಳಲ್ಲಿ ಇದ್ದುದರ ಅರ್ಧದಷ್ಟಿತ್ತು.

ಇಂಥ ಫಲಿತಾಂಶ ಕೈಗೆ ಬಂದೊಡನೆ ಪ್ರಕಟಿಸುವ ಆಸೆ ಯಾರಿಗಾದರೂ ಆಗಬಹುದು. ಮಾರಿಸ್ ಕಾದರು. ಬಸ್ಸಿನ ಲೆಕ್ಕ ಆಕಸ್ಮಿಕವಾಗಿರಬಹುದು. ದಟ್ಟ ಸಂಚಾರದಲ್ಲಿ ಬಸ್ಸು ಓಡಿಸುವ ಡ್ರೈವರನ ಮಾನಸಿಕ ಒತ್ತಡವೂ ಕಾರಣವಾಗಿರಬಹುದು. ಆದ್ದರಿಂದ ಅವರು ಅಂಚೆ ಇಲಾಖೆಯ ಅಂಕಿ ಅಂಶಗಳನ್ನು ಎದುರು ನೋಡಿದರು. ಅಲ್ಲಿ ನಡೆದೋ ಸೈಕಲ್ ತುಳಿದೋ ಕಾಗದ ಹಂಚುವ ಪೋಸ್ಟ್‌ಮನ್‌ಗಳಿದ್ದರು. ಕುಳಿತು ಕೆಲಸ ಮಾಡುವ ಗುಮಾಸ್ತರು, ಟೆಲಿಫೋನ್ ಆಪರೇಟರುಗಳೂ ಇದ್ದರು. ಆ ಫಲಿತಾಂಶವೂ ಅದೇ ದಿಕ್ಕನ್ನು ತೋರಿತು. ಪೋಸ್ಟ್‌ಮನ್‌ಗಳಲ್ಲಿ ರೋಗ ಕಡಿಮೆ, ಕುಳಿತವರಲ್ಲಿ ಹೆಚ್ಚು. ಆಮೇಲೆಯೇ, 1953ರ ನವೆಂಬರಿನಲ್ಲಿ, ಲ್ಯಾನ್ಸೆಟ್ ಪತ್ರಿಕೆಯಲ್ಲಿ ಎರಡು ಕಂತುಗಳಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಹೀಗಿದ್ದೂ ಅದನ್ನು ಅವರು ಪರೀಕ್ಷಿಸಬೇಕಾದ ಊಹೆ ಎಂದೇ ಮುಂದಿಟ್ಟರು; ತೀರ್ಮಾನ ಎಂದಲ್ಲ.

ಸಾಕ್ಷಿ ಹೇಳಿದ ಪ್ಯಾಂಟುಗಳು

ಬಲವಾದ ಆಕ್ಷೇಪವೊಂದು ಉಳಿದೇ ಇತ್ತು. ಮೊದಲಿನಿಂದಲೇ ದಪ್ಪಗಿರುವವರು ಕುಳಿತು ಮಾಡುವ ಡ್ರೈವರ್ ಕೆಲಸವನ್ನು ಆರಿಸಿಕೊಂಡಿದ್ದರೆ? ಆಗ ಕೆಲಸದಿಂದ ರೋಗ ಬಂತು ಎನ್ನುವಂತಿಲ್ಲ. ರೋಗಕ್ಕೆ ಈಡಾಗುವಂಥವರು ಆ ಕೆಲಸಕ್ಕೆ ಬಂದರು ಎನ್ನಬೇಕಾಗುತ್ತದೆ. ಕಾರಣ ಯಾವುದು, ಪರಿಣಾಮ ಯಾವುದು ಎಂಬುದೇ ಅದಲುಬದಲಾಗುತ್ತದೆ.

ಇದನ್ನು ಪರೀಕ್ಷಿಸಲು ಸಾವಿರಾರು ನೌಕರರ ಮೈಕಟ್ಟನ್ನು ಅಳೆಯಬೇಕಿತ್ತು. ಮಾರಿಸ್ ತಂಡ ಸುಲಭದ ದಾರಿ ಕಂಡುಕೊಂಡಿತು. ಸಂಸ್ಥೆ ನೌಕರರಿಗೆ ಸಮವಸ್ತ್ರ ಹೊಲಿಸಿಕೊಡುತ್ತಿತ್ತು. ಪ್ರತಿಯೊಬ್ಬನ ಪ್ಯಾಂಟಿನ ಸೊಂಟದ ಅಳತೆ ದಾಖಲಾಗಿತ್ತು! 1956ರಲ್ಲಿ ಈ ಅಳತೆಗಳ ಅಧ್ಯಯನ ಪ್ರಕಟವಾಯಿತು. ಅನುಮಾನಿಸಿದಂತೆಯೇ ಡ್ರೈವರುಗಳ ಸೊಂಟ ಕಂಡಕ್ಟರುಗಳದಕ್ಕಿಂತ ದೊಡ್ಡದಿತ್ತು. ಚಿಕ್ಕ ವಯಸ್ಸಿನವರಲ್ಲೂ ಈ ವ್ಯತ್ಯಾಸ ಕಂಡಿತು. ಆದರೆ ಇನ್ನೊಂದು ಸಂಗತಿಯೂ ಹೊರಬಿತ್ತು. ತೆಳ್ಳಗಿನ ಕಂಡಕ್ಟರನನ್ನು ತೆಳ್ಳಗಿನ ಡ್ರೈವರನೊಡನೆ, ದಪ್ಪ ಕಂಡಕ್ಟರನನ್ನು ದಪ್ಪ ಡ್ರೈವರನೊಡನೆ ಹೋಲಿಸಿದಾಗಲೂ ಕಂಡಕ್ಟರಿಗೆ ಅಪಾಯ ಕಡಿಮೆಯೇ ಇತ್ತು. ಸೊಂಟದ ಸುತ್ತಳತೆ ವ್ಯತ್ಯಾಸದ ಒಂದು ಭಾಗವನ್ನು ವಿವರಿಸಬಹುದು, ಇಡೀ ವ್ಯತ್ಯಾಸವನ್ನಲ್ಲ.

ಎದುರಾಳಿ ಏನು ಹೇಳಬಹುದೆಂದು ತಾನೇ ಊಹಿಸಿ, ಅದನ್ನು ತಾನೇ ಪರೀಕ್ಷೆಗೆ ಒಡ್ಡಿ, ತನಗೆ ಅನುಕೂಲವಲ್ಲದ ಅಂಶವನ್ನೂ ಪ್ರಕಟಿಸುವುದು ವಿಜ್ಞಾನದ ರೀತಿ. ವಿದ್ಯಾರ್ಥಿಗಳಿಗೆ ವೈಜ್ಞಾನಿಕ ವಿಧಾನ ಕಲಿಸಲು ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

1958ರಲ್ಲಿ ಮಾರಿಸ್ ಮತ್ತು ಮಾರ್ಗರೆಟ್ ಕ್ರಾಫರ್ಡ್ ಇನ್ನೊಂದು ಕಡೆಯಿಂದ ಸಾಕ್ಷ್ಯ ತಂದರು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಕರೊನರಿ ರೋಗವಲ್ಲದೆ ಬೇರೆ ಕಾರಣದಿಂದ ತೀರಿಕೊಂಡ ಸುಮಾರು 3,800 ನಡುವಯಸ್ಸಿನ ಗಂಡಸರ ಮರಣೋತ್ತರ ಪರೀಕ್ಷೆಯ ವರದಿಗಳನ್ನು ಅವರು ಕಸುಬಿಗೆ ತಕ್ಕಂತೆ ವಿಂಗಡಿಸಿದರು. ಭಾರಿ ದೇಹಶ್ರಮದ ಕೆಲಸದವರಲ್ಲೂ ಧಮನಿಯ ಗೋಡೆಯಲ್ಲಿ ಕೊಬ್ಬು ಸೇರಿತ್ತು. ಆದರೆ ಹೃದಯದ ಸ್ನಾಯುವಿನಲ್ಲಿ ಹಳೆಯ ಹಾನಿಯ ಗಾಯದ ಕಲೆಗಳು ಅವರಲ್ಲಿ ಕಡಿಮೆ ಇದ್ದವು. ಶ್ರಮ ಧಮನಿಯನ್ನು ಹೊಸದರಂತೆ ಇಡದಿದ್ದರೂ ಹೃದಯವನ್ನು ಕಾಯುತ್ತಿತ್ತು.

ಬಂದರಿನ ಹಮಾಲಿಗಳು

ಅಮೆರಿಕದಲ್ಲಿ ಇದೇ ಹಾದಿ ಹಿಡಿದವರು ರಾಲ್ಫ್ ಪಾಫೆನ್‌ಬಾರ್ಗರ್. ಅವರು ಆರಿಸಿಕೊಂಡದ್ದು ಸ್ಯಾನ್‌ಫ್ರಾನ್ಸಿಸ್ಕೋ ಬಂದರಿನ 6,351 ಹಡಗು ಕಾರ್ಮಿಕರನ್ನು. 1951ರಿಂದ 22 ವರ್ಷ ಇವರ ಮೇಲೆ ನಿಗಾ ಇಡಲಾಯಿತು. ಇಲ್ಲೊಂದು ಅನುಕೂಲವಿತ್ತು. ಹೊಸದಾಗಿ ಸೇರಿದವರೆಲ್ಲರೂ ಮೊದಲ ಕೆಲವು ವರ್ಷ ಸರಕು ಎತ್ತಿ ಇಳಿಸುವ ಭಾರಿ ಕೆಲಸವನ್ನೇ ಮಾಡಬೇಕಿತ್ತು. ಹಾಗಾಗಿ ದುರ್ಬಲರು ಮೊದಲೇ ಹಗುರ ಕೆಲಸ ಆರಿಸಿಕೊಂಡರು ಎಂಬ ಆಕ್ಷೇಪಕ್ಕೆ ಇಲ್ಲಿ ಅಷ್ಟು ಎಡೆಯಿರಲಿಲ್ಲ.

1975ರಲ್ಲಿ ಫಲಿತಾಂಶ ಪ್ರಕಟವಾಯಿತು. ಕರೊನರಿ ರೋಗದಿಂದ ಆದ ಸಾವು, ಹತ್ತು ಸಾವಿರ ದುಡಿಮೆ ವರ್ಷಗಳಿಗೆ, ಭಾರಿ ಕೆಲಸದವರಲ್ಲಿ 26.9. ಮಧ್ಯಮ ಶ್ರಮದವರಲ್ಲಿ 46.3. ಹಗುರ ಕೆಲಸದವರಲ್ಲಿ 49.0.

ಆದರೆ ಈ ವೇಳೆಗೆ ಜಗತ್ತು ಬದಲಾಗಿತ್ತು. ಬಂದರಿಗೆ ಕ್ರೇನು, ಕಂಟೇನರುಗಳು ಬಂದಿದ್ದವು. ಮೈಮುರಿದು ದುಡಿಯುವ ಕೆಲಸಗಳೇ ಮಾಯವಾಗುತ್ತಿದ್ದವು. ಇನ್ನು ಮುಂದೆ ಜನರಿಗೆ ದೇಹಶ್ರಮ ಸಿಗುವುದಿದ್ದರೆ ಬಿಡುವಿನ ವೇಳೆಯಲ್ಲಿ ಮಾತ್ರ. ಅದೂ ಹೃದಯವನ್ನು ಕಾಯುತ್ತದೆಯೆ?

ಮಾರಿಸ್ ಇದಕ್ಕಾಗಿ 1968ರಿಂದ ಸುಮಾರು 17,000 ಸರಕಾರಿ ನೌಕರರನ್ನು ಅಧ್ಯಯನ ಮಾಡಿದರು. ಎಲ್ಲರೂ ಮೇಜಿನ ಮುಂದೆ ಕುಳಿತು ಕೆಲಸ ಮಾಡುವವರೇ. ಒಂದು ಸೋಮವಾರ ಬೆಳಿಗ್ಗೆ ಕಚೇರಿಗೆ ಬಂದಾಗ, ಹಿಂದಿನ ಶುಕ್ರವಾರ ಮತ್ತು ಶನಿವಾರ ಏನೇನು ಮಾಡಿದಿರಿ ಎಂದು ಅವರು ಬರೆದುಕೊಡಬೇಕಿತ್ತು. ಮುಂದಿನ ವರ್ಷಗಳಲ್ಲಿ ಹೃದ್ರೋಗ ಬಂದವರನ್ನು ಬಾರದವರೊಂದಿಗೆ ಹೋಲಿಸಲಾಯಿತು. ರೋಗ ಬಂದವರಲ್ಲಿ ಬಿರುಸಾದ ವ್ಯಾಯಾಮ ಮಾಡಿದ್ದವರು ಶೇಕಡಾ 11. ಬಾರದವರಲ್ಲಿ ಶೇಕಡಾ 26. ಬಿರುಸಾಗಿ ಈಜುವ, ಓಡುವ, ತೋಟ ಅಗೆಯುವ ನೌಕರರಿಗೆ ಅಪಾಯ ಉಳಿದವರದರ ಮೂರನೇ ಒಂದರಷ್ಟು ಎಂದು 1973ರಲ್ಲಿ ಅವರು ವರದಿ ಮಾಡಿದರು.

ಪಾಫೆನ್‌ಬಾರ್ಗರ್ ಹಾರ್ವರ್ಡ್ ವಿಶ್ವವಿದ್ಯಾಲಯದ 16,936 ಹಳೆಯ ವಿದ್ಯಾರ್ಥಿಗಳಿಗೆ ಪತ್ರ ಬರೆದು ಪ್ರಶ್ನಾವಳಿ ತುಂಬಿಸಿದರು. ದಿನಕ್ಕೆ ಎಷ್ಟು ಮೆಟ್ಟಿಲು ಹತ್ತುತ್ತೀರಿ, ಎಷ್ಟು ದೂರ ನಡೆಯುತ್ತೀರಿ, ಏನು ಆಡುತ್ತೀರಿ ಎಂಬ ಪ್ರಶ್ನೆಗಳು. ಉತ್ತರಗಳನ್ನು ವ್ಯಯವಾದ ಶಕ್ತಿಗೆ ಪರಿವರ್ತಿಸಿದರು. 1986ರಲ್ಲಿ ಪ್ರಕಟವಾದ ಲೆಕ್ಕದಂತೆ, ಇಂಥ ಚಟುವಟಿಕೆಗಳಲ್ಲಿ ವಾರಕ್ಕೆ 2,000 ಕಿಲೋಕ್ಯಾಲೊರಿ ಅಥವಾ ಹೆಚ್ಚು ವ್ಯಯಿಸಿದವರ ಮರಣ ದರ ಕಡಿಮೆ ಚಟುವಟಿಕೆಯವರಿಗಿಂತ ಕಾಲು ಭಾಗದಿಂದ ಮೂರನೇ ಒಂದರಷ್ಟು ಕಡಿಮೆ ಇತ್ತು. ಇನ್ನೊಂದು ಪಾಠವೂ ಇತ್ತು. ಕಾಲೇಜಿನಲ್ಲಿ ಕ್ರೀಡಾಪಟುವಾಗಿದ್ದು ಆಮೇಲೆ ಆಟ ಬಿಟ್ಟವರಿಗೆ ಹಳೆಯ ಆಟದಿಂದ ಏನೂ ಲಾಭ ಉಳಿದಿರಲಿಲ್ಲ. ಕಾಲೇಜಿನಲ್ಲಿ ಆಡದಿದ್ದರೂ ಅನಂತರ ಚಟುವಟಿಕೆಯ ಜೀವನ ರೂಢಿಸಿಕೊಂಡವರಿಗೆ ಲಾಭ ದೊರೆತಿತ್ತು. ಆರೋಗ್ಯವನ್ನು ಬ್ಯಾಂಕಿನಲ್ಲಿ ಠೇವಣಿ ಇಡುವಂತಿಲ್ಲ; ದಿನದ ಕೂಲಿಯಂತೆ ಅಂದಂದೇ ದುಡಿದುಕೊಳ್ಳಬೇಕು.

ಪಾಫೆನ್‌ಬಾರ್ಗರ್ ತಮ್ಮ ಸಂಶೋಧನೆಯನ್ನು ತಾವೇ ನಂಬಿ ನಲವತ್ತೈದರ ಆಸುಪಾಸಿನಲ್ಲಿ ಓಡಲು ಶುರುಮಾಡಿದರು. ಮುಂದೆ 150ಕ್ಕೂ ಹೆಚ್ಚು ಮ್ಯಾರಥಾನ್ ಹಾಗೂ ಅದಕ್ಕಿಂತ ದೀರ್ಘ ಓಟಗಳನ್ನು ಓಡಿದರು. 1996ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಕ್ರೀಡಾ ವಿಜ್ಞಾನಕ್ಕೆಂದು ಮೊದಲ ಬಾರಿಗೆ ಕೊಟ್ಟ ಬಹುಮಾನ ಮಾರಿಸ್ ಮತ್ತು ಪಾಫೆನ್‌ಬಾರ್ಗರ್ ಇಬ್ಬರಿಗೂ ಸಂದಿತು.

ಏಳು ಅಭ್ಯಾಸಗಳು

ಆರೋಗ್ಯ ಎಂದರೆ ವ್ಯಾಯಾಮ ಮಾತ್ರವಲ್ಲವಲ್ಲ. ಉಳಿದ ಅಭ್ಯಾಸಗಳನ್ನೂ ಒಟ್ಟಿಗೆ ಅಳೆಯಲು ಹೊರಟವರು ಕ್ಯಾಲಿಫೋರ್ನಿಯದ ಲೆಸ್ಟರ್ ಬ್ರೆಸ್ಲೋ ಮತ್ತು ನೆಡ್ರಾ ಬೆಲ್ಲಾಕ್. 1965ರಲ್ಲಿ ಅಲಮೀಡಾ ಜಿಲ್ಲೆಯ 6,928 ವಯಸ್ಕರನ್ನು ಅವರ ತಂಡ ಪ್ರಶ್ನಿಸಿತು. ಏಳು ಅಭ್ಯಾಸಗಳು ಮುಖ್ಯವಾಗಿ ಹೊರಹೊಮ್ಮಿದವು. ಏಳೆಂಟು ಗಂಟೆಗಳ ನಿದ್ದೆ, ಬೆಳಗಿನ ಉಪಾಹಾರ ತಪ್ಪಿಸದಿರುವುದು, ಊಟದ ನಡುವೆ ಕುರುಕಲು ತಿನ್ನದಿರುವುದು, ಮಿತವಾದ ತೂಕ, ನಿಯತ ದೈಹಿಕ ಚಟುವಟಿಕೆ, ಧೂಮಪಾನ ಮಾಡದಿರುವುದು, ಮದ್ಯ ಕುಡಿಯದಿರುವುದು ಅಥವಾ ಮಿತವಾಗಿ ಕುಡಿಯುವುದು.

ಎಷ್ಟು ಸಾಧಾರಣ ಪಟ್ಟಿ! ಅಜ್ಜಿಯಂದಿರು ಹೇಳುತ್ತಿದ್ದದ್ದೂ ಇದನ್ನೇ. ಆದರೆ ಐದೂವರೆ ವರ್ಷಗಳ ಸಾವುನೋವಿನ ಲೆಕ್ಕ ಬೆರಗು ಹುಟ್ಟಿಸಿತು. ಈ ಪೈಕಿ ಆರು ಅಥವಾ ಏಳು ಅಭ್ಯಾಸಗಳಿದ್ದ 45 ವರ್ಷದ ಗಂಡಸಿನ ನಿರೀಕ್ಷಿತ ಆಯುಸ್ಸು, ಮೂರು ಅಥವಾ ಕಡಿಮೆ ಅಭ್ಯಾಸಗಳಿದ್ದವನಿಗಿಂತ 11 ವರ್ಷ ಹೆಚ್ಚಿತ್ತು. ಹೆಂಗಸರಲ್ಲಿ ಈ ಅಂತರ 7 ವರ್ಷ.

ಪಟ್ಟಿಯ ಎಲ್ಲ ಅಂಶಗಳೂ ಮುಂದಿನ ಪರೀಕ್ಷೆಗೆ ನಿಲ್ಲಲಿಲ್ಲ. ಹೆಚ್ಚು ವರ್ಷಗಳ ಲೆಕ್ಕ ಸೇರಿದಾಗ, ಉಪಾಹಾರ ಮತ್ತು ಕುರುಕಲು ತಿಂಡಿಗಳಿಗೆ ಆಯುಸ್ಸಿನೊಂದಿಗೆ ಇರುವ ನೇರ ಸಂಬಂಧ ದುರ್ಬಲವೆಂದು ಕಂಡಿತು. ಉಳಿದ ಐದು ಗಟ್ಟಿಯಾಗಿ ನಿಂತವು. 1979ರಲ್ಲಿ ಲೀಸಾ ಬರ್ಕ್‌ಮನ್ ಮತ್ತು ಲಿಯೊನಾರ್ಡ್ ಸೈಮ್ ಅದೇ ಜಿಲ್ಲೆಯ ಮಾಹಿತಿಯಿಂದ ಇನ್ನೊಂದು ಅಂಶ ಹೊರತೆಗೆದರು. ಬಂಧುಗಳು, ಗೆಳೆಯರು, ಸಂಘ ಸಂಸ್ಥೆಗಳ ಒಡನಾಟ ಇಲ್ಲದೆ ಒಂಟಿಯಾಗಿದ್ದವರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ಬ್ರೆಸ್ಲೋ ತಾವೂ ಹೆಚ್ಚುಕಡಿಮೆ ಈ ಪಟ್ಟಿಯಂತೆ ಬದುಕಿ 2012ರಲ್ಲಿ ತಮ್ಮ 97ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮಾರಿಸ್ 2009ರಲ್ಲಿ ತೀರಿಕೊಂಡಾಗ ಅವರಿಗೆ 99. ಇವೂ ಆ ವಿದ್ಯಾರ್ಥಿಯ ಅಜ್ಜನಂತೆ ಬಿಡಿ ಉದಾಹರಣೆಗಳೇ. ಸಾಕ್ಷ್ಯವಿರುವುದು ಸಾವಿರಾರು ಜನರ ಲೆಕ್ಕದಲ್ಲಿ.

ದೇಹದೊಳಗೆ ಏನಾಗುತ್ತದೆ?

ಕಂಡಕ್ಟರ್ ಮೆಟ್ಟಿಲು ಹತ್ತಿದ್ದರಿಂದ ಎಷ್ಟು ಶಕ್ತಿ ವ್ಯಯವಾಯಿತು? ಇದು ತರಗತಿಯಲ್ಲಿ ಮಾಡಬಹುದಾದ ಲೆಕ್ಕ. ಮೆಟ್ಟಿಲಿನ ಎತ್ತರ 17 ಸೆಂಟಿಮೀಟರ್, ದೇಹದ ತೂಕ 65 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. 600 ಮೆಟ್ಟಿಲೆಂದರೆ 102 ಮೀಟರ್ ಎತ್ತರ. ಗುರುತ್ವದ ವಿರುದ್ಧ ಮಾಡಿದ ಕೆಲಸ ಸುಮಾರು 65,000 ಜೂಲ್, ಅಂದರೆ ಸುಮಾರು 15.5 ಕಿಲೋಕ್ಯಾಲೊರಿ. ಸ್ನಾಯುಗಳ ದಕ್ಷತೆ ಶೇಕಡಾ 20ರಿಂದ 25 ಎಂದರೂ ಖರ್ಚಾಗುವುದು 60ರಿಂದ 80 ಕಿಲೋಕ್ಯಾಲೊರಿ. ಒಂದೆರಡು ಇಡ್ಲಿಯಿಂದ ಸಿಗುವಷ್ಟು! ಇಳಿಯುವುದು, ನಿಲ್ಲುವುದು, ಬಸ್ಸಿನೊಳಗೆ ಅಡ್ಡಾಡುವುದನ್ನು ಸೇರಿಸಿದರೆ ಇನ್ನಷ್ಟು ಆದೀತು. ಆದರೂ ಕೊಬ್ಬು ಕರಗುವುದೊಂದೇ ಇಲ್ಲಿನ ಗುಟ್ಟಲ್ಲ ಎಂಬುದು ಸ್ಪಷ್ಟ.

ದುಡಿಯುವ ಸ್ನಾಯು ರಕ್ತದಿಂದ ಗ್ಲೂಕೋಸನ್ನು ಇನ್ಸುಲಿನ್ನಿನ ನೆರವು ಹೆಚ್ಚಿಲ್ಲದೆಯೂ ಹೀರಿಕೊಳ್ಳಬಲ್ಲದು. ಹಾಗಾಗಿ ರಕ್ತದ ಸಕ್ಕರೆ ಹತೋಟಿಯಲ್ಲಿರುತ್ತದೆ. ರಕ್ತ ರಭಸವಾಗಿ ಹರಿದಾಗ ಧಮನಿಗಳ ಒಳಪದರ ನೈಟ್ರಿಕ್ ಆಕ್ಸೈಡನ್ನು ಬಿಡುಗಡೆ ಮಾಡುತ್ತದೆ. ಅದರಿಂದ ಧಮನಿ ಸಡಿಲಗೊಂಡು ಹಿಗ್ಗುತ್ತದೆ, ಕ್ರಮೇಣ ರಕ್ತದೊತ್ತಡ ತಗ್ಗುತ್ತದೆ. ರಕ್ತದ ಕೊಬ್ಬನ್ನು ಒಡೆಯುವ ಕಿಣ್ವ ಸ್ನಾಯುಗಳಲ್ಲಿ ಚುರುಕಾಗುತ್ತದೆ. ಹೆಪ್ಪುಗಟ್ಟುವ ಪ್ರವೃತ್ತಿಯೂ ತಗ್ಗುತ್ತದೆ. ಹೃದಯ ಪ್ರತಿ ಬಡಿತಕ್ಕೆ ಹೆಚ್ಚು ರಕ್ತ ನೂಕುವುದನ್ನು ಕಲಿಯುವುದರಿಂದ ವಿಶ್ರಾಂತಿಯಲ್ಲಿ ಬಡಿತ ಕಡಿಮೆಯಾಗುತ್ತದೆ. ನಿಮಿಷಕ್ಕೆ 75 ಇದ್ದದ್ದು 65ಕ್ಕೆ ಇಳಿದರೆ ದಿನಕ್ಕೆ 14,400 ಬಡಿತಗಳ ಉಳಿತಾಯ. 1958ರ ವರದಿಗಳಲ್ಲಿ ಕೊಬ್ಬು ಸೇರಿದ್ದರೂ ಹೃದಯಸ್ನಾಯುವಿಗೆ ಹಾನಿ ಕಡಿಮೆಯಾಗಿದ್ದದ್ದು ಏಕೆಂಬುದು ಇದರಿಂದ ಅರ್ಥವಾಗುತ್ತದೆ.

ಹತ್ತು ಸಾವಿರ ಹೆಜ್ಜೆಗಳ ಕಥೆ

ಇಂದು ಮೊಬೈಲುಗಳಲ್ಲಿ ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ಗುರಿ ಕಾಣುತ್ತೇವೆ. ಈ ಸಂಖ್ಯೆ ಯಾವ ಅಧ್ಯಯನದಿಂದಲೂ ಬಂದದ್ದಲ್ಲ. ಟೋಕಿಯೋ ಒಲಿಂಪಿಕ್ಸಿನ ಮರುವರ್ಷ, 1965ರಲ್ಲಿ, ಜಪಾನಿನ ಯಮಾಸಾ ಕಂಪನಿ ಹೆಜ್ಜೆ ಎಣಿಸುವ ಉಪಕರಣವನ್ನು ಮಾರುಕಟ್ಟೆಗೆ ತಂದಿತು. ಅದರ ಹೆಸರು ಮಾನ್‌ಪೊ-ಕೆ, ಅಂದರೆ ಹತ್ತು ಸಾವಿರ ಹೆಜ್ಜೆಗಳ ಮಾಪಕ. ಹೆಸರೇ ಗುರಿಯಾಗಿ ನಿಂತಿತು.

ಹಾರ್ವರ್ಡ್ ಹಳೆಯ ವಿದ್ಯಾರ್ಥಿಗಳ ಅಧ್ಯಯನದಲ್ಲಿ ಪಾಫೆನ್‌ಬಾರ್ಗರ್ ಅವರೊಂದಿಗೆ ದುಡಿದ ಐ-ಮಿನ್ ಲೀ 2019ರಲ್ಲಿ ಇದನ್ನು ಪರೀಕ್ಷಿಸಿದರು. ಸರಾಸರಿ 72 ವರ್ಷದ 16,741 ಮಹಿಳೆಯರ ಹೆಜ್ಜೆಗಳನ್ನು ಉಪಕರಣದಿಂದ ಎಣಿಸಲಾಯಿತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆದವರಿಗೆ ಹೋಲಿಸಿದರೆ ಸುಮಾರು 4,400 ಹೆಜ್ಜೆ ನಡೆದವರ ಮರಣ ದರ ಶೇಕಡಾ 41ರಷ್ಟು ಕಡಿಮೆ. 7,500ರ ಆಸುಪಾಸಿನ ಅನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಹಳೆಯ ಹಲವು ಅಧ್ಯಯನಗಳಲ್ಲಿ ಹೆಂಗಸರೇ ಇರಲಿಲ್ಲ ಎಂಬ ಕೊರತೆಯೂ ಇಂಥ ಕೆಲಸಗಳಿಂದ ತುಂಬುತ್ತಿದೆ. ಇವೆಲ್ಲ ಅವಲೋಕನದ ಅಧ್ಯಯನಗಳು. ಕಾಯಿಲೆ ಇರುವವರು ಕಡಿಮೆ ನಡೆಯುತ್ತಾರೆ ಎಂಬ ಹಳೆಯ ಆಕ್ಷೇಪವನ್ನು ಇಲ್ಲಿಯೂ ನೆನಪಿಡಬೇಕು. ಆದರೆ ಬೇರೆ ಬೇರೆ ದೇಶ, ಕಸುಬು, ದಶಕಗಳ ಲೆಕ್ಕಗಳು ಒಂದೇ ದಿಕ್ಕು ತೋರಿದಾಗ, ದೇಹಕ್ರಿಯೆಯ ವಿವರಣೆಯೂ ಅದಕ್ಕೆ ಹೊಂದಿದಾಗ, ಸಾಕ್ಷ್ಯ ಬಲವಾಗುತ್ತದೆ.

ನಮ್ಮ ಅಂಗಳದಲ್ಲಿ

ನಮ್ಮ ದೇಶಕ್ಕೆ ಈ ಪ್ರಶ್ನೆ ದೂರದ್ದಲ್ಲ. 1996ರಲ್ಲಿ ಪ್ರೇಮ್ ಪೈಸ್ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ ಹೃದಯಾಘಾತವಾದ 200 ಮಂದಿಯನ್ನು ಆಗದ 200 ಮಂದಿಯೊಡನೆ ಹೋಲಿಸಿ ಲ್ಯಾನ್ಸೆಟ್ ಪತ್ರಿಕೆಯಲ್ಲೇ ವರದಿ ಪ್ರಕಟಿಸಿದರು. ಧೂಮಪಾನ, ರಕ್ತದೊತ್ತಡ, ರಕ್ತದ ಸಕ್ಕರೆ, ಹೊಟ್ಟೆಯ ಬೊಜ್ಜು ಇವು ಪ್ರಮುಖ ಕಾರಣಗಳಾಗಿ ಕಂಡವು. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದ ಮಾಹಿತಿಯನ್ನು ಆಧರಿಸಿ 2007ರಲ್ಲಿ ಪ್ರಕಟವಾದ ವರದಿ ಇನ್ನೂ ಆತಂಕಕಾರಿ. ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತ ಬರುವ ಸರಾಸರಿ ವಯಸ್ಸು 53. ಉಳಿದ ದೇಶಗಳಲ್ಲಿ 59. ಆರೋಗ್ಯವಂತರ ಗುಂಪಿನಲ್ಲೂ ಸಾಕಷ್ಟು ವ್ಯಾಯಾಮ ಮಾಡುವವರು ದಕ್ಷಿಣ ಏಷ್ಯದಲ್ಲಿ ಶೇಕಡಾ 6.1 ಮಾತ್ರ, ಬೇರೆಡೆ 21.6. ಭಾರತದ ವಯಸ್ಕರಲ್ಲಿ 2022ರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲವೆಂದು 2024ರ ಒಂದು ಜಾಗತಿಕ ವರದಿ ಅಂದಾಜು ಮಾಡಿದೆ. ಗಂಡಸರಿಗಿಂತ ಹೆಂಗಸರಲ್ಲಿ ಈ ಕೊರತೆ ಹೆಚ್ಚು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಚಟುವಟಿಕೆ ಬೇಕು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ. ಪರೀಕ್ಷೆ ಹತ್ತಿರ ಬಂದಾಗ ಆಟದ ಪೀರಿಯಡನ್ನು ಗಣಿತಕ್ಕೋ ವಿಜ್ಞಾನಕ್ಕೋ ಎತ್ತಿಕೊಳ್ಳುವ ನಾವು ಶಿಕ್ಷಕರು ಈ ಸಂಖ್ಯೆಯನ್ನು ನೆನಪಿಡುವುದು ಒಳ್ಳೆಯದು.

ಲಂಡನ್ನಿನ ಸಾಮಾನ್ಯ ಮಾರ್ಗಗಳಿಂದ ಕಂಡಕ್ಟರ್ ಇರುವ ಹಳೆಯ ರೂಟ್‌ಮಾಸ್ಟರ್ ಬಸ್ಸುಗಳು 2005ರ ಡಿಸೆಂಬರಿನಲ್ಲಿ ನಿವೃತ್ತವಾದವು. ಮಾರಿಸ್ ಎಣಿಸಿದ ಮೆಟ್ಟಿಲುಗಳನ್ನು ಹತ್ತುವ ಕಸುಬು ಅಲ್ಲಿ ಹೀಗೆ ಮರೆಯಾಯಿತು. ನಮ್ಮಲ್ಲೂ ಬಾವಿ ಸೇದುವುದು, ಒರಳು ರುಬ್ಬುವುದು, ಶಾಲೆಗೆ ಮೈಲಿಗಟ್ಟಲೆ ನಡೆಯುವುದು ಮರೆಯಾಗುತ್ತಿವೆ. ಅವುಗಳ ಕಷ್ಟ ಹೋದದ್ದು ಒಳ್ಳೆಯದೇ. ಆದರೆ ಕಷ್ಟದ ಜೊತೆಗೆ ಬರುತ್ತಿದ್ದ ಲಾಭವನ್ನು ಈಗ ಬೇರೆ ದಾರಿಯಿಂದ ಪಡೆಯಬೇಕಾಗಿದೆ. ಆ ವಿದ್ಯಾರ್ಥಿಗೂ ಉತ್ತರ ಸಿಕ್ಕಿದೆ. ಅವನ ಅಜ್ಜ ವ್ಯಾಯಾಮ ಮಾಡದಿರಬಹುದು. ಆದರೆ ಅವರು ದಿನಕ್ಕೆ ಎಷ್ಟು ದೂರ ನಡೆಯುತ್ತಿದ್ದರು, ಎಷ್ಟು ಕೊಡ ನೀರು ಸೇದುತ್ತಿದ್ದರು ಎಂದು ಮನೆಯಲ್ಲಿ ಕೇಳಿ ಬರೆದುಕೊಂಡು ಬರಲಿ. ತನ್ನ ಒಂದು ದಿನದ ಹೆಜ್ಜೆಗಳನ್ನೂ ಎಣಿಸಿ ಪಕ್ಕದಲ್ಲಿ ಬರೆಯಲಿ. ಮಾರಿಸ್ ಕೂಡ ಇಂಥ ಎಣಿಕೆಯಿಂದಲೇ ಆರಂಭಿಸಿದ್ದು.